ಕೋಚ್‌ಗೆ ಅವ್ವ ಹೇಳಿದ ಮಾತು

ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಎಂಬತ್ತರ ದಶಕದ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ನಾವಾಗ ಅಮೆರಿಕದ ಹೇವರ್ಡ್‌ನಲ್ಲಿದ್ದೆವು. ಅಣ್ಣ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಆದರೆ ಗಿಡ್ಡನೆಂದು ಕೋಚ್ ಅವನನ್ನು ಬೆಂಚಿನಿಂದ ಏಳಿಸುತ್ತಲೇ ಇರಲಿಲ್ಲ. ಅವತ್ತು ಅವನ ಜಾಗದಲ್ಲಿ ಆಡುತ್ತಿದ್ದ ಎತ್ತರದ ಹುಡುಗ ಕಾಲು ಉಳುಕಿಸಿಕೊಂಡ. ಅಣ್ಣ ಅಂಗಳಕ್ಕಿಳಿದು, ಸೋಲುತ್ತಿದ್ದ ಆಟವನ್ನು ಗೆಲ್ಲಿಸಿದ.

ಕೆಸರಾದ ಜರ್ಸಿ ಸರಿಸಿ ಅವ್ವ ಅವನ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದಾಗ ಕೋಚ್ ನಗುತ್ತ ಬಂದು ಕೈ ಚಾಚಿದ. ಹುಬ್ಬಳ್ಳಿಯವಳಾದ ಅವ್ವ ಕೈ ಕೊಡಲಿಲ್ಲ.

"ಎರಡು ವರ್ಷ ನನ್ನ ಮಗನ್ನ ಮೂಲ್ಯಾಗ ಕುಂದರಿಸಿದಿ. ಈಗ ಯಾವ ಮಾರಿ ಹೊತ್ಕೊಂಡು ಬಂದಿ?"

ಅರ್ಥವಾಗದೆ ಕೋಚ್ ನನ್ನತ್ತ ನೋಡಿದ.

"ಥ್ಯಾಂಕ್ಸ್ ಅಂದ್ಳು ಅಂತ ಹೇಳು, ಪ್ಲೀಸ್," ಎಂದು ಅಣ್ಣ ಪಿಸುಗುಟ್ಟಿದ.

ನಾನು ಅವ್ವನ ಮಾತನ್ನೇ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಚಾಚಿದ ಕೈ ಮೆಲ್ಲಗೆ ಜೇಬಿಗೆ ಹೋಯಿತು.

ಮುಂದಿನ ಶನಿವಾರ ಅಣ್ಣ ಮತ್ತೆ ಬೆಂಚಿನ ಮೇಲಿದ್ದ. ತಂಡ ಹೀನಾಯವಾಗಿ ಸೋತಿತು. ಮರಳುವಾಗ ಅವ್ವ ಇಂಡಿಯನ್ ಗ್ರೋಸರಿ ಅಂಗಡಿ ಮುಂದೆ ಕಾರು ನಿಲ್ಲಿಸಲು ಹೇಳಿ, ಬೆಲ್ಲ, ಕಡಲೆಬೇಳೆ ಕೊಂಡಳು. ಸಂಜೆ ಮನೆಯಲ್ಲಿ ಹೋಳಿಗೆ. ಅಣ್ಣನೂ ಬೇಡವೆನ್ನದೆ ತಿಂದ.