ಗಾರ್ಲಂಡ್ ಗುಂಡಿಗೆ ನೀರು ತುಂಬಿಸಿದ್ದು

ನಾಳೆ ಬೆಳಿಗ್ಗೆ ಬಾತುಕೋಳಿ ಬೇಟೆ ಶುರು ಅನ್ನುವಾಗ, ಇವತ್ತು ಮಧ್ಯಾಹ್ನ ಸುರಿಯುವ ಮಳೆಯಲ್ಲಿ ನಿಂತು ಗಾರ್ಲಂಡ್ ಟ್ರಾಮೆಲ್ ಬೇಟೆ ಗುಂಡಿಗೆ ಪಂಪು ಹಚ್ಚಿ ನೀರು ತುಂಬಿಸುತ್ತಿದ್ದ. ಅದೂ ಬೇರೆಯವರು ಗುತ್ತಿಗೆ ಹಿಡಿದ ಗುಂಡಿಗೆ. ಫೋನು ಮಾಡಿ ನನಗೆ ಸುದ್ದಿ ಮುಟ್ಟಿಸಿದವರು ಗುತ್ತಿಗೆ ಹಿಡಿದ ಹಲ್ಲಿನ ಡಾಕ್ಟರು, ಕಿಂಕೇಡ್. ಮುದುಕನಿಗೆ ತಲೆ ಕೆಟ್ಟಿದೆ, ನೀವೇ ಬಂದು ನೋಡಿ ಮೇಡಂ, ಇಲ್ಲದಿದ್ದರೆ ಶೆರಿಫ್‌ನನ್ನು ಕರೆಸುತ್ತೇನೆ ಅಂದರು.

ಗದ್ದೆ ನನ್ನದು, ಗುಂಡಿಯೂ ನನ್ನದು. ಗುಂಡಿ ಅಂದರೆ ಭತ್ತದ ಗದ್ದೆಯ ಬದುವಿನಲ್ಲಿ ಹೂತಿಟ್ಟ ದೊಡ್ಡ ಕಬ್ಬಿಣದ ಪೆಟ್ಟಿಗೆ. ನಾಲ್ಕು ಜನ ಒಳಗೆ ಕೂತು, ಹುಲ್ಲು ಹೊದಿಸಿದ ಮುಚ್ಚಳ ಎಳೆದುಕೊಂಡು, ಹಕ್ಕಿ ಇಳಿಯುವವರೆಗೂ ಗದ್ದ ಕೂಡ ಎತ್ತದೆ ಕಾಯಬೇಕು. ಹತ್ತೊಂಬತ್ತು ವರ್ಷ ಅದು ಗಾರ್ಲಂಡ್‌ನ ಕೈಯಲ್ಲಿತ್ತು. ಕಾಗದವಿಲ್ಲ, ರುಜುವಿಲ್ಲ; ಪ್ರತಿ ಫೆಬ್ರವರಿಯಲ್ಲಿ ನನ್ನ ಅಡುಗೆಮನೆಗೆ ಬಂದು, ಕೈ ಕುಲುಕಿ, ಕಾಫಿ ಕುಡಿದು ಹೋದರೆ ಮುಗಿಯಿತು. ಈ ವರ್ಷ ಡಾಕ್ಟರು ಗುತ್ತಿಗೆ ಹಣ ದುಪ್ಪಟ್ಟು ಕೊಡುತ್ತೇನೆ ಅಂದರು, ನಾನು ಹೂಂ ಅಂದುಬಿಟ್ಟೆ. ಆ ಗುಂಡಿ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ ಗಾರ್ಲಂಡ್. ಸ್ಕೂಲ್ ಬಸ್ ಓಡಿಸಿ ನಿವೃತ್ತನಾದವನು. "ಆಯ್ತು ಬಿಡಿ ವರ್ನಕ್ಕ" ಅಂದ, ಮಾರನೇ ದಿನ ತನ್ನ ಸಾಮಾನು ತೆಗೆದುಕೊಂಡು ಹೋದ.

ನಾನು ಹೋಗಿ ನೋಡಿದಾಗ ಗುಂಡಿಯೊಳಗೆ ಬೆಂಚಿನ ಮಟ್ಟಕ್ಕೆ ನೀರು ಬಂದಿತ್ತು. ಡಾಕ್ಟರು ಬದುವಿನ ಮೇಲೆ ಹಾರಾಡುತ್ತಿದ್ದರು: ಇದು ಹೊಟ್ಟೆಕಿಚ್ಚು, ಶುದ್ಧ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಲಿ, ನನಗೂ ಹಾಗೇ ಅನ್ನಿಸಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ನೀರಲ್ಲ, ಕಾಂಕ್ರೀಟೇ ಸುರಿಯುತ್ತಿದ್ದೆ.

"ಏನೋ ಇದು ಗಾರ್ಲಂಡ್?"

"ಮಳೆ ಜೋರಾಗುತ್ತೆ ವರ್ನಕ್ಕ. ಪೆಟ್ಟಿಗೆ ಖಾಲಿ ಇದ್ರೆ ತೇಲಿ ಮೇಲೆ ಬರುತ್ತೆ. ನಿಮ್ಮ ಬದು ಹೋಗುತ್ತೆ."

ತೇಲುತ್ತದೆಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಬೇಸಿಗೆಯಲ್ಲಿ, ಭತ್ತಕ್ಕೆ ನೀರು ನಿಲ್ಲಿಸಿದಾಗ, ಎಲ್ಲರೂ ಗುಂಡಿಗೆ ನೀರು ತುಂಬಿಸಿಡುತ್ತೇವೆ. ಆದರೆ ಬೇಟೆಯ ಹಿಂದಿನ ದಿನ ಯಾರಪ್ಪ ತುಂಬಿಸುತ್ತಾರೆ? ಪೆಟ್ಟಿಗೆಯನ್ನು ನೆಲಕ್ಕೆ ಹಿಡಿದಿಡುವುದಕ್ಕೆ ಅಡಿಯಲ್ಲಿ ನಾಲ್ಕು ಸರಳು ಇವೆಯಲ್ಲ ಅಂದೆ.

"ಎರಡು ತುಕ್ಕು ಹಿಡಿದು ಹೋಗಿವೆ. ಈ ಬೇಸಿಗೇಲಿ ಹೊಸದು ಹಾಕೋಣ ಅಂತಿದ್ದೆ. ಸಾಮಾನು ತಗೊಂಡು ಹೋದ ದಿನ ನಿಮಗೆ ಹೇಳಿದೆನಲ್ಲ."

ಹೇಳಿದ್ದ. ನಾನು ಅವನ ಮುಖ ನೋಡಲಾಗದೆ ಪಾತ್ರೆ ತಿಕ್ಕುತ್ತಾ ನಿಂತಿದ್ದೆ, ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಈಗ ಅವನ ಟ್ರಕ್ಕಿನ ಕಡೆ ತಿರುಗಿದೆ. ಡಾಕ್ಟರು ಹಿಂದಿನ ದಿನವಷ್ಟೇ ಗುಂಡಿಗೆ ಹಾಕಿಸಿದ್ದ ಹೊಸ ಒಲೆ, ಹೊಸ ಮೆತ್ತೆಗಳು ಒಳಗಿನ ಸೀಟಿನ ಮೇಲೆ ಬೆಚ್ಚಗೆ ಕೂತಿದ್ದವು. ನೀರು ಬಿಡುವ ಮೊದಲು ಒಂದೊಂದಾಗಿ ಹೊತ್ತು ತಂದು ಇಟ್ಟಿದ್ದಾನೆ. ಅವನ ಸ್ವಂತ ಕೋಟು ಟ್ರಕ್ಕಿನ ಹಿಂಬದಿಯ ತೆರೆದ ತೊಟ್ಟಿಯಲ್ಲಿ ನೆನೆಯುತ್ತಾ ಬಿದ್ದಿತ್ತು.

"ತುಂಬಿಸಲಿ ಬಿಡಿ ಡಾಕ್ಟ್ರೇ" ಅಂದೆ. ಅವರು ನನ್ನನ್ನೂ ಹುಚ್ಚಿಯೆಂದೇ ತಿಳಿದಿರಬೇಕು.

ಇಡೀ ರಾತ್ರಿ ಹೊಯ್ದ ಮಳೆ ಬೆಳಗಾಗುವ ಹೊತ್ತಿಗೆ ನಿಂತಿತು. ಪಕ್ಕದ ರಫಿನ್‌ರ ಗುಂಡಿ ನೆಲದಿಂದ ಕಿತ್ತುಕೊಂಡು ಬಂದು, ಗದ್ದೆಯ ನಡುವೆ ದೋಣಿಯ ಹಾಗೆ ಅಡ್ಡಡ್ಡ ಬಿದ್ದಿತ್ತು. ಬದು ಒಡೆದು ಗದ್ದೆಯ ನೀರೆಲ್ಲ ಹಳ್ಳ ಸೇರಿತ್ತು. ಬಾತು ಇಳಿಯಲು ಒಂದು ಬೊಗಸೆ ನೀರಿಲ್ಲ. ನಮ್ಮ ಗುಂಡಿ ಇಟ್ಟ ಜಾಗದಲ್ಲೇ ಇತ್ತು, ಬದು ಗಟ್ಟಿಯಾಗಿತ್ತು, ಗದ್ದೆ ತುಂಬ ನೀರು. ಡಾಕ್ಟರು ರಫಿನ್‌ರ ಗದ್ದೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಗಾರ್ಲಂಡ್ ಪಂಪು ಹೊತ್ತು ಬಂದ. ನೀರು ಖಾಲಿ ಮಾಡಿದ, ಬೆಂಚು ಒರೆಸಿದ, ಒಲೆ ಹೊತ್ತಿಸಿದ, ಮೆತ್ತೆ ಹಾಸಿದ. ಡಾಕ್ಟರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಂಪು ಹೆಗಲಿಗೇರಿಸಿ ರಸ್ತೆಯ ಕಡೆ ಹೊರಟೇಬಿಟ್ಟ. ಎಂಥ ಮನುಷ್ಯನಪ್ಪಾ ಇವನು, ಒಂದು ಕೊಂಕು ಮಾತಾದರೂ ಆಡಬಾರದೇ?

ನಾನು ರಸ್ತೆಯಲ್ಲಿ ನನ್ನ ಟ್ರಕ್ಕಿನೊಳಗೆ ಕೂತಿದ್ದೆ. ಅವನಿಗೆ ಒಂದು ಮಾತು ಹೇಳಬೇಕಿತ್ತು, ಗಾಜು ಇಳಿಸುವ ಧೈರ್ಯವೂ ಬರಲಿಲ್ಲ. ಆಗ ಉತ್ತರದಿಂದ ಬಾತುಗಳ ಹಿಂಡು ಬಂತು. ಹಕ್ಕಿ ಕರೆಯಲು ಗುಂಡಿಯೊಳಗಿಂದ ಡಾಕ್ಟರು ಊದಿದ ಸೀಟಿ ಹಲ್ಲು ಕೀಳಿಸಿಕೊಳ್ಳುವವನ ನರಳಾಟದ ಹಾಗಿತ್ತು. ಹಿಂಡು ತಿರುಗಿ ಕೂಡ ನೋಡದೆ ಹೊರಟಿತು. ಗಾರ್ಲಂಡ್ ತನ್ನ ಟ್ರಕ್ಕಿನ ಬಾಗಿಲಿಗೆ ಕೈ ಹಾಕಿದವನು ನಿಂತ. ಕೊರಳಲ್ಲಿದ್ದ ತನ್ನ ಸೀಟಿ ತೆಗೆದು ಬಾಯಿಗಿಟ್ಟ. ಹತ್ತೊಂಬತ್ತು ವರ್ಷ ಕೇಳಿದ ಅದೇ ಕೂಗು. ಹಿಂಡು ವಾಲಿತು, ತಿರುಗಿತು, ರೆಕ್ಕೆ ಚಾಚಿ ನೇರ ಡಾಕ್ಟರ ನೆತ್ತಿಯ ಮೇಲೆ ಇಳಿಯತೊಡಗಿತು.

ಅಷ್ಟರಲ್ಲಿ ಮುಚ್ಚಳ ಸರಿಯಿತು. ಯಾವ ಬೇಟೆಗಾರನೂ ಮಾಡದ ಕೆಲಸ ಮಾಡಿದರು ಡಾಕ್ಟರು: ಹಕ್ಕಿ ಇಳಿಯುತ್ತಿರುವಾಗ ಗುಂಡಿಯಲ್ಲಿ ನೆಟ್ಟಗೆ ಎದ್ದು ನಿಂತು, ರಸ್ತೆಯ ಕಡೆ ಎರಡೂ ಕೈ ಬೀಸತೊಡಗಿದರು.

"ಕೂತ್ಕೊಳ್ರೀ ಡಾಕ್ಟ್ರೇ, ಹಕ್ಕಿ ಹೆದರ್ತಾವೆ!" ಗಾರ್ಲಂಡ್ ಕೂಗಿದ.

"ನೀವು ಬರೋವರೆಗೂ ಕೂರಲ್ಲ!"

ಬಾತುಗಳು ಗದ್ದಲವೆಬ್ಬಿಸಿ ಚದುರಿ ಹೋದವು. ಗಾರ್ಲಂಡ್ ಗೊಣಗುತ್ತಾ ಬದುವಿನ ಮೇಲೆ ನಡೆದ. ಡಾಕ್ಟರು ಸರಿದು ತುದಿಯ ಜಾಗ ಬಿಟ್ಟುಕೊಟ್ಟರು. ಅದು ಗುತ್ತಿಗೆದಾರ ಕೂರುವ ಜಾಗ. ಎರಡು ಟೋಪಿಗಳೂ ಹುಲ್ಲಿನೊಳಗೆ ಇಳಿದವು, ಮುಚ್ಚಳ ಮುಚ್ಚಿಕೊಂಡಿತು. ಗದ್ದೆ ನನ್ನದು, ಗುಂಡಿಯೂ ನನ್ನದು. ಹೊರಗೆ ಉಳಿದವಳು ನಾನೊಬ್ಬಳೇ.