ಮಾದರಿ ಸಹಿ

"ಈ ಎರಡು ಸಹಿ ಒಬ್ಬರದ್ದೇ ಅಂತ ಹೇಗಮ್ಮ ಒಪ್ಪಿಕೊಳ್ಳಲಿ?" ಎಂದು ಚುನಾವಣಾ ಕಚೇರಿಯ ಗುಮಾಸ್ತರು ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು, ಅಂಚೆಯಲ್ಲಿ ಬಂದ ಮತಪತ್ರದ ಹೊರಲಕೋಟೆ. ಅದರ ಬೆನ್ನಿಗಿದ್ದ ಘೋಷಣೆಯ ಕೆಳಗೆ ಒಂದೊಂದೇ ಅಕ್ಷರವನ್ನು ಪೋಣಿಸಿದ ಹಾಗೆ ಪೂರ್ತಿ ಹೆಸರು. ಇನ್ನೊಂದು, ಮೂವತ್ತೊಂದು ವರ್ಷದ ಹಿಂದಿನ ನೋಂದಣಿ ಅರ್ಜಿ. ಅದರ ಮಾದರಿ ಸಹಿ ಸರ್ರನೆ ಓಡಿ, ಕೊನೆಗೆ ಬಾಲ ಎತ್ತಿ, ಬಾಲದ ಕೆಳಗೆ ಎರಡು ಚುಕ್ಕಿ ಇಟ್ಟುಕೊಂಡು ಕುಳಿತಿತ್ತು.

ವಾಕರ್ ಊರಿಕೊಂಡು ಬಂದಿದ್ದ ಹೊಲಿಗೆಯಾಕೆಗೆ ಬಾಲ ನೋಡುತ್ತಲೇ ಎಲ್ಲವೂ ನೆನಪಾಯಿತು. ಅದು ಗಂಡನ ಕೈ. ಮಕ್ಕಳ ಶಾಲೆಯ ಅರ್ಜಿ, ನೀರಿನ ಅರ್ಜಿ, ಯಾವುದೇ ಬರಲಿ, ಇವರ ಕಾಲು ಮಿಷನ್ನಿನ ಮೇಲೆ, ಬಾಯಲ್ಲಿ ದಾರ. "ನೀವೇ ಗೀಚಿಬಿಡಿ" ಎಂದು ಅವತ್ತೂ ಅಂದಿರಬೇಕು. ಗೋದಾಮಿನ ಕೆಲಸಕ್ಕೆ ಹೊತ್ತಾಯಿತೆಂದು ಗಂಡ ನಿಂತಲ್ಲೇ ಗೀಚಿದ್ದ. ಆಮೇಲೆ ಎಷ್ಟು ಸಲ ಮತಗಟ್ಟೆಗೆ ಹೋದರೂ ಮುಖ ನೋಡಿ ಒಳಗೆ ಬಿಟ್ಟರೇ ಹೊರತು ಹಳೆಯ ಅರ್ಜಿ ತೆಗೆದು ಸಹಿ ಹೋಲಿಸಿದವರಿಲ್ಲ.

ಈ ಸಲ ಸೊಂಟ ಮುರಿದು ಮಿಷನ್ ಮೂಲೆ ಸೇರಿತು, ಮತಪತ್ರ ಅಂಚೆಯಲ್ಲಿ ಬಂತು. ಜೊತೆಗಿದ್ದ ಸೂಚನೆಗಳನ್ನು ಆಕೆ ನಾಲ್ಕು ಸಲ ಓದಿದರು. ‘ಮತದಾರರು ಸ್ವತಃ ಸಹಿ ಮಾಡತಕ್ಕದ್ದು’ ಎಂದಿತ್ತು. ಹಳೇ ಪತ್ರಿಕೆಯ ಅಂಚಿನಲ್ಲಿ ಇಪ್ಪತ್ತು ಸಲ ಬರೆದು ಕೈ ಪಳಗಿಸಿಕೊಂಡು, ಆಮೇಲೆ ಲಕೋಟೆಗೆ ಪೆನ್ನು ಮುಟ್ಟಿಸಿದ್ದರು. ಇಷ್ಟೆಲ್ಲ ನೇಮವಾಗಿ ಮಾಡಿದ್ದಕ್ಕೆ ಸಿಕ್ಕಿದ್ದು ಸಹಿ ತಾಳೆಯಾಗುತ್ತಿಲ್ಲ ಎಂಬ ನೋಟಿಸು. ದೋಷ ಸರಿಪಡಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕೂ ಇಪ್ಪತ್ತು.

"ಸರಿಹೋಗದಿದ್ರೆ ಏನು ಮಾಡ್ತೀರಿ?"

"ಒಳಲಕೋಟೆ ಒಡೆಯೋದೇ ಇಲ್ಲ. ತಿರಸ್ಕೃತ ಅಂತ ಮುದ್ರೆ ಒತ್ತಿ ಕಟ್ಟಿಡ್ತೀವಿ."

"ಅಲ್ಲಾ ಸಾರ್," ಎಂದು ಹಿಂದೆ ನಿಂತಿದ್ದ ಗಂಡ ಮುಂದೆ ಬಂದ. "ಎರಡು ತಿಂಗಳಿಂದ ಹಾಸಿಗೆ ಹಿಡಿದೋಳು. ಕೈ ಮುಂಚಿನ ಹಾಗೆ ಹೇಗೆ ಓಡುತ್ತೆ?"

"ಮುರಿದಿದ್ದು ಸೊಂಟ," ಎಂದರು ಆಕೆ. "ಕೈ ಅಲ್ಲ."

ಗುಮಾಸ್ತರಿಗೆ ನಗು ಬಂದರೂ ತೋರಗೊಡದೆ, ಜೊತೆಗೆ ಬಂದವರು ಸಹಿ ಮಾಡುವ ಪುಸ್ತಕವನ್ನು ಗಂಡನ ಮುಂದೆ ತಳ್ಳಿದರು. ಅವನು ಅಭ್ಯಾಸಬಲದಿಂದ ಸರ್ರನೆ ಗೀಚಿದ. ಬಾಲ ಎದ್ದಿತು. ಕೆಳಗೆ ಎರಡು ಚುಕ್ಕಿಯೂ ಬಿದ್ದವು. ಗುಮಾಸ್ತರ ಕಣ್ಣು ಪುಸ್ತಕದಿಂದ ಹಳೆಯ ಅರ್ಜಿಗೆ ಹೋಗಿ, ಮತ್ತೆ ಪುಸ್ತಕಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು.

ಗಂಡನಿಗೂ ಗೊತ್ತಾಯಿತು. "ಸಾರ್, ನಿಜ ಹೇಳಿಬಿಡ್ತೀನಿ. ಅವತ್ತು ಇವಳು..."

"ತಡೀರಿ," ಎಂದು ಗುಮಾಸ್ತರು ಕೈ ಅಡ್ಡ ಹಿಡಿದರು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಬೇರೆಯವರ ಹೆಸರಲ್ಲಿ ಸಹಿ ಮಾಡೋದು ಅಪರಾಧ. ಅಂಥ ಮಾತು ನನ್ನ ಕಿವಿಗೆ ಬಿದ್ರೆ ನಾನು ಬರ್ಕೋಬೇಕು. ಬರ್ಕೊಂಡ್ರೆ ಲಕೋಟೆ ವಿಚಾರಣೆಗೆ ಹೋಗುತ್ತೆ. ಎಣಿಕೆ ನಾಳೇನೇ." ಇಷ್ಟು ಹೇಳಿ ಒಂದು ನಮೂನೆ ತೆಗೆದುಕೊಟ್ಟರು. ಸಹಿ ಬದಲಾದ ಬಗ್ಗೆ ಮತದಾರರ ಪ್ರಮಾಣಪೂರ್ವಕ ಹೇಳಿಕೆ. ಕಾರಣ: ವಯಸ್ಸು, ಕಾಯಿಲೆ, ಕೈಗೆ ಪೆಟ್ಟು, ಇತರೆ. "ಸಾಮಾನ್ಯವಾಗಿ ಎಲ್ಲರೂ ವಯಸ್ಸಿಗೇ ಗುರುತು ಹಾಕ್ತಾರಮ್ಮ," ಎಂದು ಮೆಲ್ಲಗೆ ಸೇರಿಸಿದರು.

ಆಕೆ ಪೆನ್ನು ಎತ್ತಿಕೊಂಡವರು ಹಾಗೇ ಕುಳಿತರು. "ಪ್ರಮಾಣ ಅಂತಿದೆಯಲ್ರೀ. ಸುಳ್ಳು ಬರೆದು ಓಟು ಉಳಿಸ್ಕೊಳ್ಳೋದು ನನಗೆ ಬೇಡ."

"ನಿಜಾನೇ ಬರಿ ಹಾಗಾದ್ರೆ," ಎಂದ ಗಂಡ. ಅವನ ದನಿ ಇಳಿದುಹೋಗಿತ್ತು. "ನನಗೇನು ಬೇಕಾದ್ರೂ ಆಗಲಿ."

"ನಿಮ್ಮನ್ನ ಸಿಕ್ಕಿಸಿ ಉಳಿಸ್ಕೊಳ್ಳೋದೂ ಬೇಡ."

ಗುಮಾಸ್ತರು ಡ್ರಾಯರಿನೊಳಗೆ ಅರ್ಧ ತಲೆ ತೂರಿಸಿ, ಅಲ್ಲಿ ಇಲ್ಲದ ಯಾವುದನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದರು. ಆ ಮನುಷ್ಯನ ಬಗ್ಗೆ ಆಕೆಗೆ ಅಕ್ಕರೆ ಉಕ್ಕಿಬಂತು. ಗಂಡನ ಬಗ್ಗೆಯೂ. ಅವನೊಬ್ಬನದೇ ತಪ್ಪೆಂದು ಹೇಗೆ ಹೇಳುವುದು? ಸಹಿ ಎಂದರೆ ಗಂಡಸಿನ ಕೆಲಸ ಎಂದು ಅವನು ಅಂದದ್ದೂ ಇಲ್ಲ, ಅಲ್ಲವೆಂದು ತಾನು ಅಂದದ್ದೂ ಇಲ್ಲ. ಬಹಳ ಹೊತ್ತು ಯೋಚಿಸಿ, ‘ಇತರೆ’ಗೆ ಗುರುತು ಹಾಕಿ, ಪಕ್ಕದ ಗೆರೆಯ ಮೇಲೆ ನಿಧಾನವಾಗಿ ಬರೆದರು. ಕಾಗದವನ್ನು ಗುಮಾಸ್ತರ ಕಡೆಗೆ ತಿರುಗಿಸಿದರು.

‘ಈಗ ನಾನೇ ಹಾಕುತ್ತಿದ್ದೇನೆ.’

ಗುಮಾಸ್ತರು ಎರಡು ಸಲ ಓದಿದರು. ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೂ ಕೆಲಸ ಕೆಡುತ್ತಿತ್ತು. ಅವರು ಕೇಳಲಿಲ್ಲ. ಲಕೋಟೆಯ ಮೇಲೆ ‘ಅಂಗೀಕೃತ’ ಎಂದು ಮುದ್ರೆ ಒತ್ತಿ, ಒಂದು ಚೀಟಿ ಮುಂದಿಟ್ಟರು. "ಇನ್ನು ಮುಂದಕ್ಕೆ ಇದೇ ಮಾದರಿ. ಈ ಮೂರು ಚೌಕದಲ್ಲಿ ಸಹಿ ಹಾಕಿಬಿಡಿ."

ಗಂಡನ ಕೈ ತಾನಾಗಿಯೇ ಪೆನ್ನಿನತ್ತ ಹೋಗಿ, ಅರ್ಧದಲ್ಲೇ ನಿಂತು, ಚೀಟಿ ಜಾರದಂತೆ ಅದರ ಮೂಲೆಯನ್ನು ಒತ್ತಿ ಹಿಡಿಯಿತು. ಆಕೆ ಒಂದು ಚೌಕ ತುಂಬಿದರು, ಎರಡನೆಯದು, ಮೂರನೆಯದು. ಕೊನೆಯದು ಚೂರು ವೇಗವಾಗಿಯೇ ಬಂತು. ಪೆನ್ನಿಗೆ ಮುಚ್ಚಳ ಹಾಕದೆ, ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಒಮ್ಮೆ ನೋಡಿ ಗುಮಾಸ್ತರನ್ನು ಕೇಳಿದರು:

"ಇನ್ನೆಲ್ಲಾದ್ರೂ ಹಾಕೋದಿದೆಯಾ?"