ಹೆಸರು ಬರೆದ ಕುರ್ಚಿ

"ಕೂತ್ಕೋ ಅಮ್ಮಾ" ಎಂದು ಲೋರ್ನಾ ವೇಲ್ ತನ್ನ ಹೆಸರು ಬರೆದಿದ್ದ ಕ್ಯಾನ್ವಾಸ್ ಕುರ್ಚಿಯನ್ನು ಎಳೆದಾಗ ಇಡೀ ಸೆಟ್ಟು ತಿರುಗಿ ನೋಡಿತು. ನಾಯಕಿಯ ಕುರ್ಚಿಯಲ್ಲಿ ಕೂರುವುದಿರಲಿ, ಅದರ ಮೇಲೆ ಕೋಟು ಹಾಕುವ ಧೈರ್ಯವೂ ಹಾಲಿವುಡ್ಡಿನ ಆ ಸ್ಟುಡಿಯೋದಲ್ಲಿ ಯಾರಿಗೂ ಇರಲಿಲ್ಲ.

ಪ್ರಚಾರ ವಿಭಾಗದ ಹಂಟ್ಲಿ ಓಡಿಬಂದ. ಲೋರ್ನಾಳ ಏಳು ವರ್ಷದ ಕರಾರು ಇವತ್ತಿಗೆ ಮುಗಿಯುತ್ತಿತ್ತು. ಹೊಸದು ಅವನ ಕಂಕುಳಲ್ಲಿತ್ತು, ಹಿಂದೆ ಪತ್ರಿಕೆಯ ಛಾಯಾಗ್ರಾಹಕನಿದ್ದ. "ಅಡುಗೆಯವಳನ್ನ ಆಚೆ ಕಳಿಸು, ಫೋಟೋ ತೆಗೀಬೇಕು" ಎಂದ. ಅಮ್ಮ ಅಡುಗೆಯವಳೆಂಬ ಸುಳ್ಳು ಹೆಣೆದವನೇ ಅವನು. ಲೋರ್ನಾ ಸ್ಪೇನಿನ ಸಿರಿವಂತರ ಕುಡಿಯಂತೆ, ಮನೆಯಲ್ಲಿರುವ ಮೆಕ್ಸಿಕೋದ ಹೆಂಗಸು ಅಡುಗೆಯವಳಂತೆ! ಪತ್ರಕರ್ತರು ಬಂದಾಗಲೆಲ್ಲ ಅಮ್ಮ ಏಪ್ರನ್ ಕಟ್ಟಿಕೊಂಡು, "ಕಾಫಿ, ಅಮ್ಮಾವ್ರೇ" ಎಂದು ತಂದಿಡುತ್ತಿದ್ದಳು. ಮಗಳು ಮುಖ ಎತ್ತದೆ, "ಸರಿ, ಹೋಗು" ಎನ್ನುತ್ತಿದ್ದಳು. ಆ ಎರಡು ಮಾತು ಮಗಳನ್ನು ಏಳು ವರ್ಷ ಚುಚ್ಚಿದ್ದವು.

"ಇವಳು ನನ್ನ ಹೆತ್ತಮ್ಮ, ಎವುಲಾಲಿಯಾ ಒಚೋವಾ. ನನ್ನ ನಿಜವಾದ ಹೆಸರು ರೆಫುಹಿಯೊ ಒಚೋವಾ. ಬರ್ಕೊಳ್ಳಿ" ಎಂದಳು ಛಾಯಾಗ್ರಾಹಕನಿಗೆ.

"ಇದು ಅಚ್ಚಾದ್ರೆ ಈ ಕರಾರು ಹರಿದು ಹಾಕ್ತಾರೆ!" ಹಂಟ್ಲಿ ಹಲ್ಲು ಕಡಿದ.

"ಹರೀರಿ. ಕಾಗದ ಗಟ್ಟಿಯಿದ್ರೆ ಹೇಳಿ, ನಾನೂ ಒಂದು ಕೈ ಹಾಕ್ತೀನಿ."

ದೀಪ ಹಿಡಿದಿದ್ದ ಕೆಲಸಗಾರರು ಗೊಳ್ಳೆಂದು ನಕ್ಕರು. ಕ್ಯಾಮೆರಾ ಫಳ್ಳೆಂದಿತು. ಅಮ್ಮ ಆ ಕುರ್ಚಿಯಲ್ಲಿ ಕೂತು ಹಿಂದಕ್ಕೊರಗಿ, ಶೂ ಕಳಚಿ, ಊದಿದ ಕಾಲುಗಳನ್ನು ಹಾಯಾಗಿ ಚಾಚಿದಳು.

"ಅಮ್ಮಾವ್ರೇ," ಎಂದಳು ಮಗಳತ್ತ ಓರೆಗಣ್ಣಲ್ಲಿ ನೋಡಿ, "ಒಂದು ಕಾಫಿ ತರ್ತೀರಾ?"

ನಾಯಕಿ ರೇಷ್ಮೆಯ ನಿಲುವಂಗಿಯನ್ನು ಎತ್ತಿ ಹಿಡಿದು ಓಡಿದಳು.